ನದೀಮೂಲ, ಋಷಿಮೂಲ, ಟಾರ್‌ಬಾಲ್

ನದೀಮೂಲ, ಋಷಿಮೂಲ ಕೇಳಬಾರದು ಅಂತ ನಮ್ಮಲ್ಲಿ ಒಂದು ಮಾತಿದೆಯಲ್ಲ, 2024ರ ಮಾರ್ಚ್ 29ರಂದು ಅದು ನನಗೆ ಬಹಳ ನೆನಪಾಯ್ತು. ಅವತ್ತು ಗುಡ್ ಫ್ರೈಡೇ. ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಮಕ್ಕಳು ಇನ್ನೂ ಎದ್ದಿರಲಿಲ್ಲ, ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು: ಎಕ್ಸ್‌ಝೀ ಅನ್ನೋ ಕಂಪ್ರೆಶನ್ ಸಾಫ್ಟ್‌ವೇರಿನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ಕೂರಿಸಿದ್ದಾರೆ. ನನ್ನ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಡೆಬಿಯನ್ ಟೆಸ್ಟಿಂಗ್. ಆವೃತ್ತಿ ನೋಡಿದೆ. 5.6.1! ಪಕ್ಕದಲ್ಲಿದ್ದ ಕಾಫಿ ಆರಿ ತಣ್ಣಗಾಗಿದ್ದೂ ಗೊತ್ತಾಗಲಿಲ್ಲ.

ಇದು ಹೇಗಾಯ್ತು ಅಂತ ಹೇಳೋಕೆ ಸ್ವಲ್ಪ ಹಳೇ ಕಥೆ ತೆಗೀಬೇಕು.

ಲಿನಕ್ಸ್ ಲೋಕದಲ್ಲಿ ಸಾಫ್ಟ್‌ವೇರ್ ಬರೆಯೋರು ಒಬ್ಬರು, ಅದನ್ನ ಡೆಬಿಯನ್, ಫೆಡೋರಾ ಇತ್ಯಾದಿಗಳಿಗೆ ಹೊಂದಿಸಿ ಪ್ಯಾಕೇಜ್ ಕಟ್ಟೋರು ಇನ್ನೊಬ್ಬರು. ಬರೆಯೋರಿಗೆ ಅಪ್‌ಸ್ಟ್ರೀಮ್ ಅಂತ ಹೆಸರು, ಅಂದ್ರೆ ಹೊಳೆಯ ಮೇಲಿನ ಊರಿನವರು. ಅವರು ಕೆಳಗಿನವರಿಗೆ ತೇಲಿಬಿಡೋ ಗಂಟೇ ಟಾರ್‌ಬಾಲ್. ಟಾರ್ ಅಂದ್ರೆ ಟೇಪ್ ಆರ್ಕೈವ್; 1979ರ ಯೂನಿಕ್ಸ್ ಏಳನೇ ಆವೃತ್ತಿಯ ಜೊತೆ ಬಂದದ್ದು. ಟೇಪು ಮೂಲೆ ಸೇರಿ ಎಷ್ಟೋ ಕಾಲವಾದ್ರೂ ಅದು ಇವತ್ತಿಗೂ ಫೈಲುಗಳನ್ನ 512 ಬೈಟಿನ ತುಂಡುಗಳಾಗಿಯೇ ಜೋಡಿಸುತ್ತೆ. ಅದನ್ನ ಒತ್ತಿ ಚಿಕ್ಕದು ಮಾಡೋಕೆ ಮೊದಲು ಇದ್ದ ಕಂಪ್ರೆಸ್‌ಗೆ ಪೇಟೆಂಟ್ ತಕರಾರು ಬಂತು, 1992ರಲ್ಲಿ ಜೀಜಿಪ್ ಹುಟ್ಟಿತು.

ತೊಂಬತ್ತರ ದಶಕದಲ್ಲಿ ಡೆಬಿಯನ್, ರೆಡ್ ಹ್ಯಾಟ್ ಎರಡೂ ಕಡೆ ಒಂದು ಒಳ್ಳೇ ನಿಯಮ ಬೇರೂರಿತು. ಮೇಲಿನ ಊರಿನಿಂದ ಬಂದ ಗಂಟನ್ನ ಮುಟ್ಟಬೇಡ. ನಿನ್ನ ತಿದ್ದುಪಡಿಗಳನ್ನ ಬೇರೆ ಫೈಲಿನಲ್ಲಿ ಇಡು. ಡೆಬಿಯನ್‌ನಲ್ಲಿ ಆ ಗಂಟಿನ ಹೆಸರಲ್ಲೇ 'ಓರಿಗ್' ಅಂತ ಇರುತ್ತೆ, ಒರಿಜಿನಲ್ ಅಂತ ಅರ್ಥ. ಪಂಚೆಗೆ ತೇಪೆ ಹಾಕೋದಾದ್ರೆ ಎದ್ದು ಕಾಣೋ ಬಣ್ಣದ್ದು ಹಾಕು ಅಂದ ಹಾಗೆ.

ಈ ನಿಯಮದ ಬೆಲೆ ನಾನು ಕಲಿತದ್ದು ಬೈಸ್ಕೊಂಡೇ. ಹಿಂದೆ ಒಂದು ಕೆಲಸದಲ್ಲಿದ್ದಾಗ, ಟಾರ್‌ಬಾಲ್ ಒಳಗಿದ್ದ ಬೇಡದ ಡೈರೆಕ್ಟರಿಯೊಂದನ್ನ ತೆಗೆದು, ಮತ್ತೆ ಕಟ್ಟಿ, ಅದೇ ಹೆಸರಲ್ಲಿ ಇಟ್ಟುಬಿಟ್ಟೆ. ಸಹೋದ್ಯೋಗಿಯ ಚೆಕ್‌ಸಮ್ ತಾಳೆಯಾಗಲಿಲ್ಲ. ಯಾರೋ ಒಳಗೆ ಕೈಯಾಡಿಸಿದ್ದಾರೆ ಅಂತ ಇಡೀ ಮಧ್ಯಾಹ್ನ ತಲೆ ಕೆಡಿಸಿಕೊಂಡರು, ಆ 'ಯಾರೋ' ಪಕ್ಕದಲ್ಲೇ ಪೆಚ್ಚುಮೋರೆ ಹಾಕ್ಕೊಂಡು ಕೂತಿದ್ದ. ನಿಜ ಹೇಳಬೇಕಂದ್ರೆ, ಏನೂ ತೆಗೆಯದೆ ಬರೀ ಬಿಚ್ಚಿ ಕಟ್ಟಿದ್ರೂ ತಾಳೆಯಾಗ್ತಿರಲಿಲ್ಲ. ಫೈಲುಗಳ ಕ್ರಮ, ಸಮಯ, ಕಟ್ಟಿದವನ ಹೆಸರು ಎಲ್ಲಾ ಟಾರ್ ಒಳಗೆ ಸೇರುತ್ತೆ. ಸಾಲದು ಅಂತ ಜೀಜಿಪ್ ಬೇರೆ ತನ್ನ ಲೆಕ್ಕದಲ್ಲೊಂದು ಸಮಯ ಬರ್ಕೊಳ್ಳುತ್ತೆ. 2023ರ ಜನವರಿಯಲ್ಲಿ ಗಿಟ್‌ಹಬ್ ತಾನು ತಯಾರಿಸಿ ಕೊಡೋ ಗಂಟುಗಳನ್ನ ಒತ್ತುವ ರೀತಿ ಬದಲಿಸಿದಾಗ, ಒಳಗಿನ ಒಂದಕ್ಷರವೂ ಬದಲಾಗದೆ ಚೆಕ್‌ಸಮ್‌ಗಳು ಬದಲಾಗಿ ಎಷ್ಟೋ ಕಡೆ ಕೆಲಸ ನಿಂತಿತ್ತು. ಬೇಗನೆ ಹಳೇ ರೀತಿಗೇ ಮರಳಿದರು.

ತೆಗೆಯಲೇಬೇಕಾದಾಗ ಹೇಳಿ ತೆಗೀಬೇಕು. 2006ರಲ್ಲಿ ಡೆಬಿಯನ್‌ನವರು ಮತ ಹಾಕಿ, ಬದಲಿಸಲಾಗದ ಭಾಗಗಳಿರೋ ಗ್ನೂ ಕೈಪಿಡಿಗಳು ತಮ್ಮ ಲೆಕ್ಕದಲ್ಲಿ ಮುಕ್ತ ಅಲ್ಲ ಅಂತ ತೀರ್ಮಾನಿಸಿದರು. ಇಂಥದ್ದನ್ನ ತೆಗೆದು ಕಟ್ಟಿದ ಗಂಟಿನ ಆವೃತ್ತಿಗೆ 'ಡಿಎಫ್‌ಎಸ್‌ಜಿ' ಅಂತ ಬಾಲ ಅಂಟಿಸುತ್ತಾರೆ. ನಾನು ಅವತ್ತು ಮಾಡದೇ ಇದ್ದದ್ದು ಅದೇ.

ನಿಯಮಕ್ಕೆ ದೊಡ್ಡ ಗೆಲುವೂ ಸಿಕ್ಕಿದೆ. 2002ರ ಜುಲೈ ಕೊನೆಯಲ್ಲಿ ಓಪನ್‌ಎಸ್‌ಎಸ್‌ಎಚ್‌ನ ಟಾರ್‌ಬಾಲನ್ನ ಯಾರೋ ಸರ್ವರಿನಲ್ಲೇ ಬದಲಿಸಿ ವಿಷ ಬೆರೆಸಿಟ್ಟಿದ್ದರು. ಫ್ರೀಬಿಎಸ್‌ಡಿಯವರು ಮೊದಲೇ ಬರೆದಿಟ್ಟುಕೊಂಡಿದ್ದ ಚೆಕ್‌ಸಮ್‌ಗೆ ಅದು ತಾಳೆಯಾಗದೆ, ಆಗಸ್ಟ್ 1ರ ಹೊತ್ತಿಗೆ ಸಿಕ್ಕಿಬಿತ್ತು.

ಹಾಗಾದ್ರೆ 2024ರಲ್ಲಿ ಯಾಕೆ ಹಾಗೆ ಸಿಗಲಿಲ್ಲ?

ಇದಕ್ಕೆ 1991ರ ಒಂದು ಉಪಕಾರವೇ ಕಾರಣ ಅನ್ಸುತ್ತೆ ನಂಗೆ. ಆ ವರ್ಷ ಬಂದ ಆಟೋಕಾನ್ಫ್, ಯಾವ ಯೂನಿಕ್ಸ್ ಮೇಲಾದ್ರೂ ನಡೆಯೋ 'ಕಾನ್ಫಿಗರ್' ಸ್ಕ್ರಿಪ್ಟನ್ನ ತಾನೇ ಹೆಣೆದುಕೊಡುತ್ತೆ. ಬಳಸೋರ ಹತ್ತಿರ ಆಟೋಕಾನ್ಫ್ ಇರಬೇಕು ಅಂತೇನಿಲ್ಲ, ಹೆಣೆದದ್ದನ್ನ ಟಾರ್‌ಬಾಲಿಗೇ ಹಾಕಿ ಕಳಿಸ್ತಾರೆ. ಹೆಸರಿಗೆ ಮೂಲ, ಒಳಗೆ ಅರ್ಧ ಬೆಂದ ಅಡುಗೆ. ಹೀಗಾಗಿ ಲೇಖಕರ ಗಿಟ್ ಭಂಡಾರದಲ್ಲಿ ಇಲ್ಲದ ಫೈಲುಗಳು ಟಾರ್‌ಬಾಲಿನಲ್ಲಿ ಇರೋದು ಮಾಮೂಲಾಗಿಬಿಟ್ಟಿತು. ಸಾವಿರಾರು ಸಾಲಿನ ಆ ಸ್ಕ್ರಿಪ್ಟನ್ನ ಓದೋರು ಯಾರು ಹೇಳಿ? ನಾನಂತೂ ಒಮ್ಮೆಯೂ ಓದಿಲ್ಲ.

ಜಿಯಾ ಟಾನ್ ಅನ್ನೋ ಹೆಸರಿನ ಹಿಂದೆ ಇದ್ದವರು ಬಚ್ಚಿಟ್ಟಿದ್ದು ಅಲ್ಲೇ. ಲಾಸೆ ಕಾಲಿನ್ ಸಂಬಳವಿಲ್ಲದೆ ಹೆಚ್ಚುಕಡಿಮೆ ಒಂಟಿಯಾಗಿ ನಡೆಸಿಕೊಂಡು ಬಂದ ಯೋಜನೆಗೆ 2021ರಿಂದ ತಾಳ್ಮೆಯಿಂದ ಸಹಾಯ ಮಾಡುತ್ತಾ, ಬಿಡುಗಡೆ ಮಾಡೋ ಅಧಿಕಾರವನ್ನೇ ಗಿಟ್ಟಿಸಿಕೊಂಡರು. ವಿಷದ ಮುದ್ದೆ ಪರೀಕ್ಷೆಯ ಫೈಲುಗಳ ವೇಷದಲ್ಲಿ ಗಿಟ್‌ನಲ್ಲೇ ಇತ್ತು. ಅದನ್ನ ಎಬ್ಬಿಸೋ ಕೆಲವು ಸಾಲುಗಳು ಮಾತ್ರ ಟಾರ್‌ಬಾಲಿನ ಒಂದು ಎಂ4 ಫೈಲಿನಲ್ಲಿ. ಡೆಬಿಯನ್‌ನವರು ಕಾನ್ಫಿಗರನ್ನ ಹೊಸದಾಗಿ ಹೆಣೆದರೂ ಉಪಯೋಗವಿಲ್ಲ, ಹೆಣೆಯೋ ದಾರವೇ ಆ ಎಂ4. ಚೆಕ್‌ಸಮ್ ಸರಿ, ಸಹಿ ಸರಿ. ಗಂಟನ್ನ ಯಾರೂ ಮುಟ್ಟಿರಲಿಲ್ಲ, ನಿಯಮ ಚಾಚೂ ತಪ್ಪದೆ ಪಾಲನೆಯಾಗಿತ್ತು!

ಸಿಕ್ಕಿಹಾಕಿಸಿದ್ದು ಅರ್ಧ ಸೆಕೆಂಡು. ಪೋಸ್ಟ್‌ಗ್ರೆಸ್ ತಂಡದ ಆಂಡ್ರೆಸ್ ಫ್ರಾಯಿಂಡ್ ಅವರಿಗೆ ಎಸ್‌ಎಸ್‌ಎಚ್ ಲಾಗಿನ್ ಯಾಕೋ ನಿಧಾನ ಅನ್ನಿಸಿ ಕೆದಕುತ್ತಾ ಹೋದರು. ನನ್ನಂಥವನಾಗಿದ್ರೆ ವೈಫೈಗೆ ಬೈದು ಸುಮ್ಮನಾಗ್ತಿದ್ದೆ.

ಡೆಬಿಯನ್‌ನಲ್ಲಿ ಆವೃತ್ತಿ ಸಂಖ್ಯೆ ಹಿಂದಕ್ಕೆ ಹೋಗೋ ಹಾಗಿಲ್ಲ. ಅದಕ್ಕೇ ಹಳೇ ಎಕ್ಸ್‌ಝೀಯನ್ನ '5.6.1+ರಿಯಲಿ5.4.5' ಅನ್ನೋ ಹೆಸರಲ್ಲಿ ಕಳಿಸಿದರು. ಹೇಳೋಕೆ 5.6.1, ನಿಜವಾಗಿ 5.4.5. ಅದನ್ನ ಹಾಕ್ಕೊಂಡೆ, ಮನಸ್ಸು ತಡೀದೆ ರಾತ್ರಿ ಇಡೀ ಡಿಸ್ಕ್ ಅಳಿಸಿ ಮತ್ತೆ ತುಂಬಿದೆ.

ಮರುದಿನ ಆಫೀಸಿಗಾಗಿ ನಾನೇ ಕಟ್ಟೋ ಒಂದು ಪುಟ್ಟ ಪ್ಯಾಕೇಜಿನ ಟಾರ್‌ಬಾಲ್ ಬಿಚ್ಚಿ, ಗಿಟ್‌ನಲ್ಲಿರೋ ಅದೇ ಆವೃತ್ತಿಯ ಪಕ್ಕ ಇಟ್ಟು ಹೋಲಿಸಿದೆ. ಮೂವತ್ತೆಂಟು ಫೈಲುಗಳು ಒಂದರಲ್ಲಿವೆ, ಇನ್ನೊಂದರಲ್ಲಿಲ್ಲ. ಎಲ್ಲವೂ ಯಂತ್ರ ಹೆಣೆದದ್ದೇ ಅಂತ ಕಾಣುತ್ತೆ. ಸಂಜೆವರೆಗೆ ಹನ್ನೊಂದು ಓದಿ ಮುಗಿಸಿದೆ.