ಸೌಂದರ್ಯಸಾಧನಗಳ ಜಾಹೀರಾತಿನಲ್ಲಿ ಸ್ತ್ರೀಚಿತ್ರಣ

ಅಚ್ಚಿನ ಜಾಹೀರಾತುಗಳಲ್ಲಿ ಸ್ತ್ರೀಯು ಕೇವಲ ರೂಪಮಾತ್ರಳಾಗಿ ಚಿತ್ರಿತಳಾದುದಕ್ಕೆ ಪುರುಷರ ಲೇಖನಿಯೇ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸೌಂದರ್ಯಸಾಧನಗಳ ಜಾಹೀರಾತಿನ ಚರಿತ್ರೆಯನ್ನು ಪರಿಶೀಲಿಸಿದರೆ ಈ ಅಭಿಪ್ರಾಯವು ಪೂರ್ಣವಾಗಿ ನಿಲ್ಲುವಂತಿಲ್ಲ.

ವುಡ್‌ಬರಿ ಸಾಬೂನು ಮೊದಲು ಚರ್ಮದೋಷಗಳಿಗೆ ಔಷಧವೆಂಬಂತೆ ಮಾರಾಟವಾಗುತ್ತಿದ್ದಿತು. ಕತ್ತಿಲ್ಲದ ಪುರುಷಮುಖವೊಂದು ಅದರ ಮುದ್ರೆಯಾಗಿದ್ದಿತು. ೧೯೧೧ರಲ್ಲಿ ಅದರ ಜಾಹೀರಾತನ್ನು ಜೆ. ವಾಲ್ಟರ್ ಥಾಂಪ್ಸನ್ ಸಂಸ್ಥೆಯ ಹೆಲೆನ್ ಲ್ಯಾನ್ಸ್‌ಡೌನ್ ಎಂಬಾಕೆ ಹೊಸದಾಗಿ ರಚಿಸಿದಳು. ಸುಂದರಿಯಾದ ತರುಣಿ, ಆಕೆಯ ಸಮೀಪದಲ್ಲಿ ಅನುರಕ್ತನಾದ ಪುರುಷ, ಕೆಳಗೆ ‘ನೀವು ಮುಟ್ಟಲು ಬಯಸುವ ತ್ವಚೆ’ ಎಂಬರ್ಥದ ಮಾತು: ಇದೇ ಅದರ ಸ್ವರೂಪ. ೧೦ ಸೆಂಟುಗಳನ್ನು ಕಳುಹಿಸಿದವರಿಗೆ ಒಂದು ವಾರಕ್ಕಾಗುವಷ್ಟು ಸಾಬೂನೂ ಆ ಚಿತ್ರದ ಪ್ರತಿಯೂ ದೊರೆಯುತ್ತಿದ್ದುವು.

ಈ ವಾಕ್ಯದಲ್ಲಿನ ‘ನೀವು’ ಎಂಬ ಪದವು ವಿಚಾರಾರ್ಹವಾದುದು. ಓದುವವಳು ಸ್ತ್ರೀ, ಮುಟ್ಟಲು ಬಯಸುವವನಾದರೋ ಚಿತ್ರದಲ್ಲಿನ ಪುರುಷ. ಓದುವವಳು ತನ್ನ ದೇಹವನ್ನು ಪರರ ಕಣ್ಣಿನಿಂದ ನೋಡಿ ಬೆಲೆಕಟ್ಟಿಕೊಳ್ಳುವಂತೆ ಆ ಒಂದು ಪದವೇ ಏರ್ಪಡಿಸಿದೆ. ಹೀಗೆ ಬರೆದಾಕೆ ಸ್ತ್ರೀಯರ ಮತಾಧಿಕಾರದ ಬೆಂಬಲಿಗಳೂ, ತನ್ನ ವಿಭಾಗದಲ್ಲಿ ಅನೇಕ ಸ್ತ್ರೀಯರಿಗೆ ಉದ್ಯೋಗ ಕೊಟ್ಟವಳೂ ಆಗಿದ್ದಳೆಂಬುದು ಗಮನಿಸತಕ್ಕ ಸಂಗತಿ.

೧೯೨೦ರಲ್ಲಿ ಸಂವಿಧಾನದ ೧೯ನೆಯ ತಿದ್ದುಪಡಿಯಿಂದ ಆ ದೇಶದಲ್ಲಿ ಲಿಂಗಭೇದದ ಕಾರಣದಿಂದ ಮತಾಧಿಕಾರವನ್ನು ನಿರಾಕರಿಸುವುದು ನಿಷಿದ್ಧವಾಯಿತು. ೧೯೨೪ರಲ್ಲಿ ಆ ಹೋರಾಟದ ಮುಂದಾಳುಗಳಲ್ಲೊಬ್ಬಳಾದ ಆಲ್ವಾ ಬೆಲ್ಮಾಂಟಳು ಪಾಂಡ್ಸ್ ಲೇಪನದ ಜಾಹೀರಾತಿಗೆ ತನ್ನ ಹೆಸರನ್ನಿತ್ತಳು. ಪ್ರತಿಫಲವು ಸ್ತ್ರೀಯರ ಹಕ್ಕುಗಳ ಕಾರ್ಯಕ್ಕೆ ಸಂದಿತು. ಹೋರಾಟಕ್ಕೆ ಹಣ ಒದಗಿತು. ಆದರೆ ಮುಖದ ಕಾಂತಿಯನ್ನು ಕಾಪಾಡಿಕೊಳ್ಳುವುದು ಸ್ತ್ರೀಯ ಕರ್ತವ್ಯವೆಂಬ ಭಾವನೆಗೆ ಹೋರಾಟಗಾರ್ತಿಯ ಹೆಸರೇ ಆಧಾರವಾಯಿತು.

ಚಲಚ್ಚಿತ್ರತಾರೆಯರ ಸಾಕ್ಷ್ಯದಿಂದ ಸಾಬೂನನ್ನು ಮಾರುವ ಲಕ್ಸ್ ಪದ್ಧತಿಯೂ ಅಮೆರಿಕೆಯಲ್ಲಿ ಬೆಳೆದು ಭಾರತಕ್ಕೆ ಬಂದಿತು. ೧೯೪೧ರಲ್ಲಿ ಇಲ್ಲಿ ಆ ಸ್ಥಾನವನ್ನು ಮೊದಲು ಪಡೆದವಳು ಧಾರವಾಡದಲ್ಲಿ ಜನಿಸಿದ ಲೀಲಾ ಚಿಟ್ಣೀಸ್. ಆಕೆ ವಿದ್ಯಾವಂತೆ, ರಂಗಭೂಮಿಯಲ್ಲಿ ಪಳಗಿದವಳು. ಸಾಬೂನಿಗೆ ಬೇಕಾದುದಾದರೋ ಆಕೆಯ ಮೈಬಣ್ಣ.

ಇದರಿಂದ ತಿಳಿಯುವುದಿಷ್ಟು: ಸ್ತ್ರೀಯು ಬರೆದ ಮಾತ್ರಕ್ಕೆ ಬರೆಹವು ಸ್ತ್ರೀಯ ಪಕ್ಷವಾಗಲಿಲ್ಲ. ಲೇಖನಿ ಆಕೆಯ ಕೈಯಲ್ಲಿದ್ದಾಗಲೂ ಅಳತೆಗೋಲು ಮಾರುವವನದಾಗಿಯೇ ಉಳಿಯಿತು.