ಕಾಶಾಶಾದ ನಗು

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ಗಾದೆಯನ್ನು ನಾನು ಮೊದಲು ಕೇಳಿದ್ದು ಅಜ್ಜಿಯ ಬಾಯಲ್ಲಿ. ಆಗ ಅರ್ಥ ತಿಳಿಯದಿದ್ದರೂ ನಮ್ಮ ಮನೆಯಲ್ಲಿ ಅದರ ಪ್ರಯೋಗ ದಿನವೂ ನಡೆಯುತ್ತಿತ್ತು. ಸಂಜೆ ಅಪ್ಪ ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಆ ದಿನ ಕಚೇರಿಯಲ್ಲಿ ಏನಾಯಿತೆಂದು ಅಮ್ಮನಿಗೆ ಗೊತ್ತಾಗುತ್ತಿತ್ತು. ಅಮ್ಮನ ಪಾತ್ರೆಗಳ ಸದ್ದಿನಿಂದ ಅದು ನನಗೆ, ನಾನು ಜಡೆ ಹೆಣೆಯುವಾಗ ಎಳೆದ ಎಳೆತದಿಂದ ತಂಗಿಗೆ. ಯಾರೂ ಒಂದು ಮಾತನ್ನೂ ಆಡದೆ, ನಾವು ಮುಖವನ್ನೇ ಕಾಣದ ಯಾವನೋ ಅಧಿಕಾರಿಯ ಸಿಟ್ಟು ಮನೆಯ ಅತಿ ಚಿಕ್ಕವಳನ್ನು ಅಳಿಸುತ್ತಿತ್ತು.

ಭಾವಗಳು ಹೀಗೆ ಒಬ್ಬರಿಂದ ಒಬ್ಬರಿಗೆ ದಾಟುವುದಕ್ಕೆ ಚರಿತ್ರೆಯಲ್ಲೂ ಸಾಕ್ಷಿಗಳುಂಟು. ಅವುಗಳಲ್ಲಿ ನನ್ನನ್ನು ಬಹಳ ಕಾಡಿದ್ದು ಪೂರ್ವ ಆಫ್ರಿಕಾದ ಒಂದು ಹೆಣ್ಣುಮಕ್ಕಳ ಶಾಲೆಯ ಕಥೆ. ವಿಕ್ಟೋರಿಯಾ ಸರೋವರದ ಪಶ್ಚಿಮ ದಂಡೆಯಲ್ಲಿ ಬುಕೋಬಾ ಎಂಬ ಪಟ್ಟಣವಿದೆ. ಅದರ ಹತ್ತಿರದ ಕಾಶಾಶಾ ಎಂಬಲ್ಲಿ ಮಿಷನ್ನಿನವರು ನಡೆಸುತ್ತಿದ್ದ ವಸತಿ ಶಾಲೆಯೊಂದಿತ್ತು. ಇಂದು ಟಾಂಜಾನಿಯಾದ ಭಾಗವಾದ ಆ ದೇಶಕ್ಕೆ ಆಗ ಟಾಂಗನಿಕಾ ಎಂದು ಹೆಸರು. 1961ರ ಡಿಸೆಂಬರಿನಲ್ಲಿ ಅದಕ್ಕೆ ಸ್ವಾತಂತ್ರ್ಯ ಬಂದು ಎರಡು ತಿಂಗಳೂ ತುಂಬಿರಲಿಲ್ಲ. 1962ರ ಜನವರಿ 30ರಂದು ಆ ಶಾಲೆಯ ಮೂವರು ಹುಡುಗಿಯರು ನಗತೊಡಗಿದರು. ನಗು ನಿಲ್ಲಲಿಲ್ಲ. ನಡುನಡುವೆ ಅಳು, ಓಡಾಟ, ತಡೆಯಹೋದವರ ಮೇಲೆ ಕೈಮಾಡುವುದು. ಕೆಲವರಿಗೆ ಕೆಲವೇ ಗಂಟೆ, ಕೆಲವರಿಗೆ ಹದಿನಾರು ದಿನಗಳವರೆಗೆ ಇದು ಬಿಟ್ಟು ಬಿಟ್ಟು ಬರುತ್ತಿತ್ತು. ಮಾರ್ಚ್ 18ರ ಹೊತ್ತಿಗೆ 159 ವಿದ್ಯಾರ್ಥಿನಿಯರಲ್ಲಿ 95 ಮಂದಿಗೆ ಹೀಗಾಗಿ ಶಾಲೆಗೆ ಬೀಗ ಬಿತ್ತು.

ಮಕ್ಕಳನ್ನು ಮನೆಗೆ ಕಳುಹಿಸಿದರೆ ಎಲ್ಲ ಸರಿಹೋಗುವುದೆಂದು ದೊಡ್ಡವರು ಎಣಿಸಿದರು. ಆದದ್ದೇ ಬೇರೆ. ಕೆಲವು ಹುಡುಗಿಯರ ಊರಾದ ನ್‌ಶಾಂಬಾದಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ 217 ಜನರಿಗೆ ಇದು ಕಾಣಿಸಿಕೊಂಡಿತು. ಮೇ 21ಕ್ಕೆ ಶಾಲೆ ತೆರೆದರೆ ಮತ್ತೆ 57 ಹುಡುಗಿಯರು; ಜೂನ್ ಕೊನೆಗೆ ಮತ್ತೆ ಬೀಗ. ಶಾಲೆಯಿಂದ ಮನೆಗೆ, ಮನೆಯಿಂದ ಶಾಲೆಗೆ, ಪುಸ್ತಕದ ಚೀಲದ ಹಾಗೆ ಅದು ಹೋಗಿಬರುತ್ತಿತ್ತು.

ವೈದ್ಯರು ರಕ್ತ ಪರೀಕ್ಷಿಸಿದರು, ಬೆನ್ನಿನಿಂದ ದ್ರವ ತೆಗೆದು ನೋಡಿದರು. ರೋಗಾಣುವೂ ಇಲ್ಲ, ವಿಷವೂ ಇಲ್ಲ. ಯಾರೂ ಸಾಯಲೂ ಇಲ್ಲ. ಅಣುಬಾಂಬ್ ಸ್ಫೋಟದಿಂದ ಗಾಳಿ ಕೆಟ್ಟಿದೆಯೆಂದು ಕೆಲವರು ಹೇಳಿದರಂತೆ. ಪತ್ರಿಕೆಗಳು ಮುಂದೆ ಇದನ್ನು 'ನಗೆಯ ಪಿಡುಗು' ಎಂದು ತಮಾಷೆಯಾಗಿ ಬರೆದವು. ಆದರೆ ಅದು ಸಂತೋಷದ ನಗುವಾಗಿರಲಿಲ್ಲ. ಮನೆ ಬಿಟ್ಟು ಬಂದು, ಕಟ್ಟುನಿಟ್ಟಿನ ಶಿಸ್ತಿನಲ್ಲಿ, ಹಿರಿಯರ ದೊಡ್ಡ ನಿರೀಕ್ಷೆಗಳ ಕೆಳಗೆ ಬದುಕುತ್ತಿದ್ದ, ಬಾಯಿಬಿಟ್ಟು ಏನನ್ನೂ ಹೇಳಲಾಗದ ಹುಡುಗಿಯರ ಸಂಕಟ ಹಾಗೆ ಹೊರಬಂದಿತೆಂಬುದು ಮುಂದಿನ ವಿದ್ವಾಂಸರ ಅಭಿಪ್ರಾಯ.

1963ರಲ್ಲಿ ಇಬ್ಬರು ವೈದ್ಯರು ಬರೆದ ವರದಿಯಲ್ಲಿ ಒಂದು ಮಾತಿದೆ: ಕಾಶಾಶಾದ ಐವರು ಶಿಕ್ಷಕರಲ್ಲಿ ಯಾರಿಗೂ ಇದು ತಗಲಲಿಲ್ಲ. ಅಲ್ಲಿಗೆ ಬಂದಾಗಲೆಲ್ಲ ನಾನು ನಿಂತುಬಿಡುತ್ತೇನೆ. ಕಾರಣ ಹೇಳುತ್ತೇನೆ.

2006ರ ಫೆಬ್ರವರಿ. ನಾನು ಏಳನೇ ತರಗತಿಗೆ ಪಾಠ ಮಾಡುತ್ತಿದ್ದೆ. ಫಲಿತಾಂಶ ಕಡಿಮೆಯಾದರೆ ನೀವೇ ಹೊಣೆ ಎಂದು ಸಭೆಯಲ್ಲಿ ಎಲ್ಲರೆದುರು ನನಗೆ ಎಚ್ಚರಿಕೆ ಕೊಟ್ಟಿದ್ದರು. ಮನೆಯಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಳು. ಆದರೂ ಮಕ್ಕಳ ಮೇಲೆ ಕೈಯೆತ್ತಿದವಳಲ್ಲ, ಗದರಿದವಳಲ್ಲ ಎಂಬ ಹೆಮ್ಮೆ ನನಗಿತ್ತು. ಒಂದು ಬೆಳಿಗ್ಗೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ಅಳತೊಡಗಿದಳು. ಪಕ್ಕದವಳು ಅತ್ತಳು, ಅವಳ ಹಿಂದಿನವಳು ಅತ್ತಳು. ಗಂಟೆ ಹೊಡೆಯುವಷ್ಟರಲ್ಲಿ ಏಳು ಹುಡುಗಿಯರು. ಇಬ್ಬರು ಬೆವರಿ ಕುಸಿದರು. ಸುದ್ದಿ ತಿಳಿದು ಬಂದ ತಾಯಂದಿರು ಗಾಳಿ ಸೋಂಕಿದೆ ಎಂದು ನಿಂಬೆಹಣ್ಣು ತಂದರು. ಎಲ್ಲ ನಾಟಕ ಎಂದರು ನನ್ನ ಸಹೋದ್ಯೋಗಿಗಳು.

ಬಿಸಿಯೂಟದ ಅಡುಗೆಯಾಕೆ ನೀರಿನ ಚೊಂಬು ಹಿಡಿದು ಬಂದವಳು ಅದನ್ನು ಮೊದಲು ನನ್ನ ಮುಂದೆ ಹಿಡಿದಳು. "ಟೀಚರಮ್ಮಾ, ನಿಮ್ಮ ಕೈ ನೋಡ್ಕೊಳ್ಳಿ" ಎಂದಳು. ನೋಡಿಕೊಂಡೆ. ಸೀಮೆಸುಣ್ಣ ಪುಡಿಪುಡಿಯಾಗಿ ಅಂಗೈಗೆ ಅಂಟಿತ್ತು, ಕೈ ನಡುಗುತ್ತಿತ್ತು. ನಾನು ನೆಲದ ಮೇಲೆ ಮಕ್ಕಳ ಪಕ್ಕ ಕುಳಿತು ನೀರು ಕುಡಿದೆ. ಎಷ್ಟೋ ಹೊತ್ತಿನ ಮೇಲೆ ಮೊದಲು ಅತ್ತವಳು ಕೇಳಿದಳು: "ನಾವು ಫೇಲಾದ್ರೆ ನಿಮ್ಮನ್ನ ಶಾಲೆಯಿಂದ ಕಳಿಸಿಬಿಡ್ತಾರಾ ಟೀಚರ್?"

ಸಭೆಯ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ವಾರಗಟ್ಟಲೆ ನನ್ನ ಮುಖವನ್ನು ಆ ಮಕ್ಕಳು ಪಾಠಕ್ಕಿಂತ ಶ್ರದ್ಧೆಯಿಂದ ಓದಿದ್ದರು. ಅಪ್ಪನ ಸೈಕಲ್ ಸ್ಟ್ಯಾಂಡಿನ ಸದ್ದನ್ನು ನಾವು ಓದಿದಂತೆಯೇ.

2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಓದಿದಾಗ ಇದೇ ನೆನಪಾಯಿತು. ಒಂದು, ಎರಡನೇ ತರಗತಿಗಳ 17 ಶಿಕ್ಷಕಿಯರ ಬಗೆಗಿನ ಅಧ್ಯಯನ ಅದು. ಟೀಚರಿಗೆ ಲೆಕ್ಕದ ಭಯ ಹೆಚ್ಚಿದ್ದಷ್ಟೂ, ವರ್ಷದ ಕೊನೆಗೆ ಲೆಕ್ಕ ಗಂಡುಮಕ್ಕಳಿಗೆ ಎಂದು ನಂಬುವ ಹುಡುಗಿಯರು ಹೆಚ್ಚಾಗಿದ್ದರು. ಹಾಗೆ ನಂಬಿದವರು ಲೆಕ್ಕದಲ್ಲಿ ಹಿಂದೆ ಬಿದ್ದಿದ್ದರು. ವರ್ಷದ ಆರಂಭದಲ್ಲಿ ಈ ಸಂಬಂಧ ಇರಲಿಲ್ಲ.

ಕಾಶಾಶಾದ ಶಿಕ್ಷಕರ ಮುಖ ಹೇಗಿತ್ತೋ ನಾನು ಕಂಡವಳಲ್ಲ, ಅವರನ್ನು ದೂರುವುದೂ ಇಲ್ಲ. ಆದರೆ ತಗಲಿದವರನ್ನು ಮಾತ್ರ ಎಣಿಸಿದರೆ ಲೆಕ್ಕ ಅರ್ಧವಾಗುತ್ತದೆ. ಅಂದು ನನ್ನ ತರಗತಿಯಲ್ಲಿ ಎಣಿಸಿದವರಿಗೆ ಸಿಕ್ಕಿದ್ದು ಏಳು ಹುಡುಗಿಯರು. ಎಂಟನೆಯವಳಾದ ನನ್ನ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ.

ಈಗ ಮನಸ್ಸು ಕೆಟ್ಟ ದಿನ ಹಾಜರಿ ಕೂಗುವ ಮೊದಲೇ ಮಕ್ಕಳಿಗೆ ಹೇಳಿಬಿಡುತ್ತೇನೆ: ಇವತ್ತು ನನಗೆ ಬೇಸರವಾಗಿದೆ, ಅದಕ್ಕೆ ನೀವು ಕಾರಣರಲ್ಲ. ಅವರು ಒಮ್ಮೆ ನನ್ನ ಮುಖ ನೋಡಿ ಪುಸ್ತಕ ತೆರೆಯುತ್ತಾರೆ. ನಮ್ಮ ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಇಷ್ಟು ಹೇಳಿದ್ದರೆ ತಂಗಿಯ ಜಡೆಯನ್ನು ನಾನು ಮೆಲ್ಲಗೆ ಹೆಣೆಯುತ್ತಿದ್ದೆನೋ ಏನೋ.