ಎರಡು ಪಕ್ಷಗಳ ನಾಯಕ ಆಕ್ಸೆಲ್ ಲಾರ್ಸನ್

ಇಪ್ಪತ್ತಾರು ವರ್ಷ ತಾನೇ ನಡೆಸಿದ ಪಕ್ಷವು ತನ್ನನ್ನು ಹೊರಗೆ ಹಾಕಿದರೆ ರಾಜಕಾರಣಿಯಾದವನು ಸಾಮಾನ್ಯವಾಗಿ ಮೂಲೆ ಹಿಡಿಯುತ್ತಾನೆ, ಇಲ್ಲವೆ ಎದುರು ಪಾಳೆಯವನ್ನು ಸೇರುತ್ತಾನೆ. ಡೆನ್ಮಾರ್ಕಿನ ಆಕ್ಸೆಲ್ ಲಾರ್ಸನ್ ಹೊಸ ಪಕ್ಷವನ್ನೇ ಕಟ್ಟಿದನು. ಆಗ ಅವನಿಗೆ 61 ವರ್ಷ.

1897ರಲ್ಲಿ ಫ್ಯೂನ್ ದ್ವೀಪದ ಓಡೆನ್ಸೆ ಪಟ್ಟಣದ ಬಳಿಯ ಹಳ್ಳಿಯೊಂದರಲ್ಲಿ, ಬಡ ಕುಟುಂಬದಲ್ಲಿ ಹುಟ್ಟಿದವನು ಈತ. ಕೋಪನ್‌ಹೇಗನ್ನಿಗೆ ಬಂದು ಕೂಲಿನಾಲಿ ಮಾಡುತ್ತ ಕಮ್ಯೂನಿಸ್ಟನಾದನು. 1925ರಲ್ಲಿ ಪಕ್ಷವು ಅವನನ್ನು ಮಾಸ್ಕೋದ ಲೆನಿನ್ ಶಾಲೆಗೆ ಕಳುಹಿಸಿತು. ಅಲ್ಲಿ ಸ್ಟಾಲಿನ್ನನ ವಿರೋಧಿಗಳ ಕಡೆ ವಾಲಿ ಶಿಕ್ಷೆಗೂ ಗುರಿಯಾದನು. ತಪ್ಪೊಪ್ಪಿಕೊಂಡು 1929ರಲ್ಲಿ ಊರಿಗೆ ಮರಳಿದನು. ಆ ತಪ್ಪೊಪ್ಪಿಗೆಯ ನೆರಳು ಅವನ ಮುಂದಿನ ಬಾಳಿನ ಮೇಲೆಲ್ಲ ಬಿದ್ದಿತೆಂದು ನನಗೆ ತೋರುತ್ತದೆ.

1932ರಲ್ಲಿ ಆತ ಪಕ್ಷದ ಅಧ್ಯಕ್ಷನಾದನು. ಅದೇ ವರ್ಷ ಡೇನಿಷ್ ಸಂಸತ್ತಿಗೆ ಇಬ್ಬರು ಕಮ್ಯೂನಿಸ್ಟರು ಮೊದಲ ಬಾರಿಗೆ ಆರಿಸಿಬಂದರು: ಒಬ್ಬ ಲಾರ್ಸನ್, ಇನ್ನೊಬ್ಬ ಆರ್ನೆ ಮುಂಕ್-ಪೀಟರ್ಸನ್. ಈ ಎರಡನೆಯವನು 1937ರಲ್ಲಿ ಮಾಸ್ಕೋದಲ್ಲಿ ಬಂಧಿತನಾಗಿ, 1940ರಲ್ಲಿ ಅಲ್ಲಿನ ಸೆರೆಮನೆಯಲ್ಲಿಯೇ ಸತ್ತನು. ಜೊತೆಯಲ್ಲಿ ಸಂಸತ್ತನ್ನು ಪ್ರವೇಶಿಸಿದ ಗೆಳೆಯನು ಕಾಣೆಯಾದಾಗ ಲಾರ್ಸನ್ನನ ಪಕ್ಷವು ಬಹಿರಂಗವಾಗಿ ಒಂದು ಮಾತನ್ನೂ ಆಡಲಿಲ್ಲ. ಸೋವಿಯತ್ ಕಡತಗಳು ತೆರೆದ ಮೇಲೆಯೇ ಡೇನರಿಗೆ ಈ ಸಾವಿನ ವಿವರಗಳು ಸ್ಪಷ್ಟವಾದವು. ಲಾರ್ಸನ್ನನನ್ನು ಮೆಚ್ಚುವವರು ಮೊದಲು ಎದುರಿಸಬೇಕಾದ ಸಂಗತಿ ಇದು.

1941ರ ಜೂನ್‌ನಲ್ಲಿ ಹಿಟ್ಲರನು ರಷ್ಯದ ಮೇಲೆ ಬಿದ್ದ ದಿನವೇ, ಜರ್ಮನರ ಒತ್ತಾಯದಂತೆ, ಡೇನಿಷ್ ಪೊಲೀಸರೇ ಕಮ್ಯೂನಿಸ್ಟರನ್ನು ಹಿಡಿಯತೊಡಗಿದರು. ಸಂಸತ್ ಸದಸ್ಯರಿಗೂ ಸಂವಿಧಾನದ ರಕ್ಷಣೆ ದೊರೆಯಲಿಲ್ಲ. ಹಿಡಿದಾದ ಮೇಲೆ, ಆಗಸ್ಟಿನಲ್ಲಿ, ಪಕ್ಷವನ್ನು ನಿಷೇಧಿಸುವ ಕಾನೂನು ಬಂದಿತು! ಲಾರ್ಸನ್ ತಪ್ಪಿಸಿಕೊಂಡು ಭೂಗತನಾದನು. 1942ರ ನವೆಂಬರಿನಲ್ಲಿ ಸಿಕ್ಕಿಬಿದ್ದು, ಜರ್ಮನರ ವಿಚಾರಣೆಯಲ್ಲಿ ದೀರ್ಘವಾದ ಹೇಳಿಕೆಯನ್ನೂ ಕೊಟ್ಟನು. ಬಳಿಕ ಸಾಕ್ಸನ್‌ಹೌಸನ್ ಶಿಬಿರ. 1945ರಲ್ಲಿ ಬಿಡುಗಡೆಯಾಗಿ ಬಂದವನು ವಿಮೋಚನೆಯ ಸರಕಾರದಲ್ಲಿ ಮಂತ್ರಿ. ಆ ವರ್ಷದ ಚುನಾವಣೆಯಲ್ಲಿ ಅವನ ಪಕ್ಷಕ್ಕೆ 18 ಸ್ಥಾನ. ಯುದ್ಧಕ್ಕೆ ಮೊದಲು ಇದ್ದದ್ದು ಬರಿಯ ಮೂರು.

ಈ ಏರು ಬಹುಕಾಲ ನಿಲ್ಲಲಿಲ್ಲ. 1956ರಲ್ಲಿ ಕ್ರುಶ್ಚೇವನು ಸ್ಟಾಲಿನ್ನನ ಅಪರಾಧಗಳನ್ನು ಬಯಲಿಗೆಳೆದನು. ಅದೇ ವರ್ಷ ರಷ್ಯದ ಟ್ಯಾಂಕುಗಳು ಹಂಗೇರಿಯನ್ನು ತುಳಿದವು. ಪಕ್ಷವು ಮಾಸ್ಕೋದ ಮಾತಿಗೆ ಕಾಯದೆ ತನ್ನ ದಾರಿಯನ್ನು ತಾನೇ ಹುಡುಕಬೇಕೆಂದು ಲಾರ್ಸನ್ ವಾದಿಸಿದನು. 1958ರ ನವೆಂಬರಿನಲ್ಲಿ ಉಚ್ಚಾಟನೆಯಾಯಿತು. ಮೂರೇ ತಿಂಗಳಲ್ಲಿ, 1959ರ ಫೆಬ್ರವರಿಯಲ್ಲಿ, ಸಮಾಜವಾದಿ ಜನತಾ ಪಕ್ಷವು ಹುಟ್ಟಿತು. 1960ರ ಚುನಾವಣೆಯಲ್ಲಿ ಅದಕ್ಕೆ 11 ಸ್ಥಾನಗಳು ಬಂದರೆ, ಕಮ್ಯೂನಿಸ್ಟರು ಇದ್ದ ಆರನ್ನೂ ಕಳೆದುಕೊಂಡರು. ಮತದಾರರು ಹಳೆಯ ಬೋರ್ಡನ್ನು ಬಿಟ್ಟು ಆಳಿನ ಹಿಂದೆ ನಡೆದಿದ್ದರು.

1966ರಲ್ಲಿ 20 ಸ್ಥಾನ. ಸೋಶಿಯಲ್ ಡೆಮಾಕ್ರಟರ 69 ಸೇರಿದರೆ ಡೆನ್ಮಾರ್ಕಿನ 175ರಲ್ಲಿ ಬಹುಮತ. ಲಾರ್ಸನ್ನನ ಪಕ್ಷವು ಮಂತ್ರಿಮಂಡಲಕ್ಕೆ ಸೇರದೆ ಹೊರಗಿನಿಂದ ಪ್ರಧಾನಿ ಕ್ರಾಗನನ್ನು ಬೆಂಬಲಿಸಿತು. ಆದರೆ 1967ರ ಕೊನೆಯಲ್ಲಿ ಕ್ರೋನ್ ನಾಣ್ಯದ ಅಪಮೌಲ್ಯವಾಗಿ, ಕೂಲಿಕಾರರ ತುಟ್ಟಿಭತ್ಯವನ್ನು ತಡೆಹಿಡಿಯುವ ಪ್ರಶ್ನೆ ಎದ್ದಾಗ ಅವನ ಸದಸ್ಯರಲ್ಲೇ ಆರು ಮಂದಿ ವಿರುದ್ಧ ಮತ ಹಾಕಿದರು. ಸರಕಾರ ಸೋತಿತು, ಪಕ್ಷ ಒಡೆಯಿತು. ಶಿಸ್ತಿನ ಹೆಸರಿನಲ್ಲಿ ಹೊರದೂಡಲ್ಪಟ್ಟವನು ಈಗ ತನ್ನವರಿಂದಲೇ ಶಿಸ್ತನ್ನು ಬೇಡಬೇಕಾಗಿತ್ತು. 1968ರಲ್ಲಿ ನಾಯಕತ್ವ ಬಿಟ್ಟುಕೊಟ್ಟು, 1972ರ ಜನವರಿಯಲ್ಲಿ ತೀರಿಕೊಂಡನು.

ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು. 2005ರಲ್ಲಿ ಶೀತಲ ಸಮರವನ್ನು ಕುರಿತ ಅಧಿಕೃತ ವರದಿಯೊಂದು ಹೊರಬಿದ್ದು, ಲಾರ್ಸನ್ 1958ರಿಂದ 1964ರವರೆಗೆ ಪಶ್ಚಿಮದ ಒಂದು ಗುಪ್ತಚರ ಸಂಸ್ಥೆಯೊಂದಿಗೆ ಸಂಪರ್ಕವಿಟ್ಟುಕೊಂಡಿದ್ದನೆಂದು ತಿಳಿಸಿತು. ನ್ಯಾಟೋ ಕೂಟವನ್ನು ಬಿಟ್ಟು ಹೊರಬರಬೇಕೆಂದು ಅದೇ ವರ್ಷಗಳಲ್ಲಿ ಅವನ ಪಕ್ಷವು ದೇಶದ ತುಂಬ ಸಾರುತ್ತಿದ್ದಿತು. ಯಾಕೆ ಹೀಗೆ ಮಾಡಿದೆಯೆಂದು ಕೇಳೋಣವೆಂದರೆ, ಆತ ಸತ್ತು ಆಗಲೇ 33 ವರ್ಷಗಳಾಗಿದ್ದವು.